ಮೂರನೇ ಮನೆಯ ಪಲ್ಲೆ

ಬೆಳಿಗ್ಗೆ ಕಮತಗಿಯ ಓಣಿಗಳಲ್ಲಿ ಮಗ್ಗದ ಸದ್ದು ಶುರುವಾಗುವ ಹೊತ್ತಿಗೆ ಕಟ್ಟೆಗಳ ಮೇಲೆ ಮಕ್ಕಳ ಚಹಾ ಕೂಡ ಶುರುವಾಗಿರುತ್ತದೆ. ಬಸಿಯಲ್ಲಿ ಅದ್ದಿದ ಬಿಸ್ಕತ್ತು ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಳ್ಳುವುದರಲ್ಲಿ ನಮ್ಮ ಮಕ್ಕಳು ನಿಪುಣರು. ಮುಂದೆ ಶಾಲೆಯ ದಾರಿಯಲ್ಲಿ ಅಂಗಡಿ, ಅಂಗಡಿಯ ಮುಂದೆ ಉದ್ದಕ್ಕೆ ತೂಗುಬಿಟ್ಟ ಐದು ರೂಪಾಯಿಯ ಕುರುಕಲು ಪಾಕೀಟುಗಳು. ಅವು ಎಷ್ಟು ಎತ್ತರದಲ್ಲಿ ತೂಗುತ್ತವೆ ಎಂಬುದನ್ನು ಒಮ್ಮೆ ನೋಡಿ, ಸರಿಯಾಗಿ ಆರೇಳು ವರ್ಷದವರ ಕಣ್ಣಿನ ಮಟ್ಟಕ್ಕೆ. ಮಧ್ಯಾಹ್ನ ತಾಟು ಹಾಗೇ ಉಳಿದರೆ ತಾಯಿ ಹೇಳುವುದು ಒಂದೇ ಮಾತು: "ಏನ್ ಮಾಡೂದ್ರಿ, ಇದು ಏನೂ ಉಣ್ಣಂಗಿಲ್ಲ." ಉಂಡದ್ದಾಗಿದೆಯಲ್ಲ! ಚಹಾದಲ್ಲಿರುವ ಒಗರು ಅಂಶ ಕಾಳು, ಸೊಪ್ಪುಗಳಲ್ಲಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಂದಿಗೆ ರಕ್ತಹೀನತೆ. ಇದಕ್ಕೆ ಚಹಾ ಒಂದೇ ಕಾರಣವಲ್ಲ, ನಿಜ. ಆದರೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಅದೂ ಒಂದು.

ಇಂಥದ್ದನ್ನು ಉಪದೇಶದಿಂದ ಸರಿಪಡಿಸಬಹುದೆಂದು ನನಗೆ ಅನಿಸುವುದಿಲ್ಲ. ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಕಡೆ ಪ್ರತಿ ಶ್ರಾವಣದಲ್ಲಿ ತಾನಾಗಿಯೇ ನಡೆಯುತ್ತದೆ. ನಾಗರ ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಕಲು ರೊಟ್ಟಿ, ಮಡಕಿಕಾಳು, ಹೆಸರುಕಾಳು, ಎಣಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಅಗಸೆ ಹಿಂಡಿ. ಇವನ್ನೆಲ್ಲ ಮನೆಮನೆಗೆ ಮುಟ್ಟಿಸುವ ಕೆಲಸ ಮಕ್ಕಳದು. ತಮ್ಮ ಮನೆಯಲ್ಲಿ ಮಡಕಿಕಾಳು ಕಂಡರೆ ಮುಖ ತಿರುಗಿಸುವ ಹುಡುಗ ಮೂರನೇ ಮನೆಯ ಮಡಕಿಕಾಳನ್ನು ಚಪ್ಪರಿಸಿ ತಿಂದು ಬರುತ್ತಾನೆ. ಯಾರ ಮನೆಯ ಹಿಂಡಿ ಖಾರ, ಯಾರದು ಸಪ್ಪೆ ಎಂದು ತೀರ್ಪನ್ನೂ ಕೊಡುತ್ತಾನೆ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಸತ್ವವನ್ನು ಕಾಳು ತುಂಬಿಕೊಡುತ್ತದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಎಂಬುದನ್ನು ಜೋಳವೂ ಎಳ್ಳೂ ತುಂಬಿಕೊಡುತ್ತವೆ. ಈ ಲೆಕ್ಕವನ್ನು ಪುಸ್ತಕದಲ್ಲಿ ಓದದ ಅಜ್ಜಿಯಂದಿರೇ ಈ ತಾಟನ್ನು ಜೋಡಿಸಿದ್ದು. ಉಂಡ ಮೇಲೆ ಜೋಕಾಲಿ. ಹರೆಯದವರಿಗೆ ನಿಂಬೆಹಣ್ಣು ಎಸೆಯುವ ಪಂದ್ಯ: ಇಂತಿಷ್ಟು ಎಸೆತಕ್ಕೆ ಮುಂದಿನ ಊರು ಮುಟ್ಟಬೇಕೆಂಬ ಪಣ, ಹಿಂದೆ ಓಡುವ ಹುಡುಗರ ದಂಡು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಂಚಮಿಯ ದಿನ ಆ ಲೆಕ್ಕ ಹನ್ನೊಂದು ಗಂಟೆಯೊಳಗೇ ಮುಗಿದಿರುತ್ತದೆ.

ಉಳಿದ ದಿನಗಳಲ್ಲಿ ನಾವೇನು ಮಾಡುತ್ತೇವೆ? "ಪಲ್ಲೆ ಉಂಡರ ಚಾಕಲೇಟ ಕೊಡಸ್ತೀನಿ" ಎನ್ನುತ್ತೇವೆ. ಮಗು ದಡ್ಡನಲ್ಲ. ಪಲ್ಲೆ ಎಂದರೆ ದಂಡ, ಚಾಕಲೇಟು ಎಂದರೆ ಬಹುಮಾನ ಎಂಬುದು ಅದಕ್ಕೆ ಅಲ್ಲೇ ತಿಳಿಯುತ್ತದೆ. ಹೆಚ್ಚು ಅಂಕ ಬಂದರೆ ಗೋಬಿ ಮಂಚೂರಿ, ಕಡಿಮೆ ಬಂದರೆ ರೊಟ್ಟಿಯ ಮುಂದೆ ಬೈಗುಳ. ವ್ಯಾಯಾಮದ ಕಥೆಯೂ ಇದೇ. ತಪ್ಪು ಮಾಡಿದವನಿಗೆ ಮೈದಾನ ಸುತ್ತಿಸುತ್ತಾರೆ, ಬಸ್ಕಿ ಹೊಡೆಸುತ್ತಾರೆ. ಓಡುವುದು ಶಿಕ್ಷೆ ಎಂದು ಕಲಿತವನು ದೊಡ್ಡವನಾದ ಮೇಲೆ ಯಾಕೆ ಓಡುತ್ತಾನೆ? ಇನ್ನು ಪರೀಕ್ಷೆ ಹತ್ತಿರ ಬಂದಾಗ ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಎತ್ತಿಕೊಡುವ ಪದ್ಧತಿಯಂತೂ ಸಾತ್ವಿಕರು ಮಾಡುವ ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ.

ಮಗ್ಗದ ಕುಣಿಯಲ್ಲಿ ಕಾಲಿಟ್ಟು ದಿನವಿಡೀ ಸೀರೆ ನೇಯುವವರಿಗೆ, ಹೊಲಕ್ಕೆ ಹೋಗುವವರಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಕೇಳಬಹುದು. ನ್ಯಾಯವಾದ ಮಾತು. ಹಾಗಾಗಿ ಹೊಸ ಕೆಲಸ ಬೇಡ, ಇರುವ ಕೆಲಸದಲ್ಲೇ ಮಕ್ಕಳಿಗೆ ಪಾಲು ಕೊಡೋಣ. ಸಂತೆಯಿಂದ ತಂದ ಮೆಂತ್ಯ, ಹಕ್ಕರಿಕೆ ಸೊಪ್ಪನ್ನು ಅವರೇ ಸೋಸಲಿ, ನಾಲ್ಕೆಲೆ ಅಲ್ಲೇ ಬಾಯಿಗೆ ಹೋಗುತ್ತವೆ. ಚಹಾ ಬೇಕೇ ಬೇಕೆಂದರೆ ಊಟಕ್ಕೂ ಅದಕ್ಕೂ ನಡುವೆ ಒಂದು ತಾಸು ಇರಲಿ. ಕಾಳಿನ ಪಲ್ಲೆಯ ಮೇಲೆ ನಾಲ್ಕು ಹನಿ ನಿಂಬೆರಸ ಬೀಳಲಿ, ಅದು ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಸಂಜೆ ಹಿಂದಿನ ಓಣಿಯ ಅತ್ತೆಯ ಮನೆಗೆ ಹಿಂಡಿ ಮುಟ್ಟಿಸುವುದಿದ್ದರೆ ಗಾಡಿ ತೆಗೆಯದೆ ಮಗುವಿನ ಕೈಗೆ ಡಬ್ಬಿ ಕೊಟ್ಟು ಕಳಿಸಿ. ಹತ್ತು ನಿಮಿಷದ ದಾರಿಗೆ ಒಂದು ತಾಸು ಹಿಡಿದು, ಅಂಗಿಯೆಲ್ಲ ಧೂಳು ಮಾಡಿಕೊಂಡು ಬಂದು, ಅತ್ತೆಯೇ ತಡ ಮಾಡಿದಳು ಎಂದು ಹೇಳಿದರೆ ಲಗೋರಿಯ ವಿಷಯ ಕೆದಕಬೇಡಿ, ತಾಟು ಹಾಕಿ.