ಏರದ ತೋಳು ಮತ್ತು ಕಾಯಕಧರ್ಮ

ದುಡಿಯಲಾರದ ಕಾಲದಲ್ಲಿ ಉಣ್ಣುವದು ಋಣವೇ? ಕಾಯಕದಿಂದಲೇ ಜೀವಿಸಬೇಕೆಂಬ ಶರಣಧರ್ಮದಲ್ಲಿ ಬೆಳೆದವರಿಗೆ ಮುಪ್ಪಿನಲ್ಲಿ ಈ ಪ್ರಶ್ನೆ ಬಾರದಿರದು. ನನಗೆ ಅದು 72ನೆಯ ವಯಸ್ಸಿನಲ್ಲಿ, ಬಲಹೆಗಲಿನ ಮೂಲಕ ಬಂದಿತು.

ಹೆಗಲಕೀಲು ಸವೆದು, ತೋಳನ್ನೆತ್ತುವ ಸ್ನಾಯುರಜ್ಜುಗಳು ಹರಿದು, ಬಾಚಣಿಗೆಯನ್ನು ತಲೆಗೊಯ್ಯುವದೂ ದುಸ್ತರವಾದಾಗ, 2023ರಲ್ಲಿ ವೈದ್ಯರು ಕೀಲನ್ನೇ ಬದಲಿಸಿದರು. ಈ ವಿದ್ಯೆ ತೀರ ಹೊಸದಲ್ಲ. 1893ರಲ್ಲಿಯೇ ಪ್ಯಾರಿಸ್ಸಿನ ಪೇಯಾನ್ ಎಂಬ ವೈದ್ಯನು ಕ್ಷಯದಿಂದ ಕೆಟ್ಟ ಹೆಗಲಿಗೆ ಕೃತಕ ಕೀಲನ್ನು ಜೋಡಿಸಿದ್ದನು. ನನಗೆ ಅಳವಡಿಸಿದುದು ಫ್ರಾನ್ಸಿನವರೇ ಆದ ಗ್ರಾಮೋಂ ಅವರು 1985ರ ಸುಮಾರಿಗೆ ರೂಪಿಸಿದ ಬಗೆಯದು. ನಿಸರ್ಗವು ತೋಳೆಲುಬಿನ ತುದಿಗೆ ಗುಂಡನ್ನೂ ಹೆಗಲಹಲಗೆಗೆ ಬಟ್ಟಲನ್ನೂ ಇಟ್ಟಿದೆ. ಇದರಲ್ಲಿ ಅವೆರಡೂ ಅದಲುಬದಲಾಗಿವೆ. ಹಾಗಾದಾಗ ಹರಿದ ರಜ್ಜುಗಳ ಕೆಲಸವನ್ನು ಭುಜದ ಮೇಲಣ ದೊಡ್ಡ ಸ್ನಾಯುವು ತಾನೇ ವಹಿಸಿಕೊಳ್ಳುವದು. ವೈದ್ಯರು ಇದನ್ನು ಚಿತ್ರ ಬರೆದು ತೋರಿಸಿದಾಗ ನಾನು ತಲೆದೂಗಿದೆನು. ಆದರೆ ಅದರಿಂದ ಕಲಿಯಬೇಕಾದುದನ್ನು ಕಲಿಯಲಿಲ್ಲ.

ಆರು ವಾರ ಕೈಯನ್ನು ಕೊರಳಿಗೆ ತೂಗಿಸಿದ ಪಟ್ಟಿಯಲ್ಲಿಡಬೇಕಾಗಿತ್ತು. ಬೆರಳು, ಮಣಿಕಟ್ಟು, ಮೊಣಕೈಗಳನ್ನು ದಿನವೂ ಆಡಿಸಬೇಕು. ತೋಳನ್ನು ಮಾತ್ರ ಸ್ವಂತ ಬಲದಿಂದ ಎತ್ತಕೂಡದು. ಮೊಣಕೈಯಡಿ ದಿಂಬನ್ನಿಟ್ಟು ಅರೆ ಒರಗಿಯೇ ನಿದ್ರಿಸಬೇಕು. ಅಂಗಿ ತೊಡುವಾಗ ನೊಂದ ಕೈ ಮೊದಲು, ಕಳಚುವಾಗ ಅದೇ ಕೊನೆಗೆ. ಇದೆಲ್ಲವನ್ನೂ ಸೊಸೆಯು ಒಮ್ಮೆ ಕೇಳಿಯೇ ಕಲಿತಳು. ಎಲ್ಲಕ್ಕಿಂತ ಮುಖ್ಯವಾಗಿ, ಕುರ್ಚಿಯಿಂದೇಳುವಾಗ ಆ ಕೈಯನ್ನೂರಿ ದೇಹವನ್ನೆತ್ತಬಾರದೆಂದು ಕಟ್ಟಪ್ಪಣೆಯಿತ್ತು. ಹಾಗೆ ಮಾಡಿದರೆ ಹೊಸ ಕೀಲು ಜಾರಬಹುದು.

ಮೂರನೆಯ ವಾರದ ಒಂದು ಸಂಜೆ ಸೊಸೆ ಕೈನೀಡಿದಳು. "ಬೇಡವಮ್ಮಾ, ನಾನೇ ಏಳುತ್ತೇನೆ" ಎಂದು ಪಟ್ಟಿಯಿಂದ ಕೈಯನ್ನು ಹೊರತೆಗೆದು ಕುರ್ಚಿಗೆ ಊರಿಯೇಬಿಟ್ಟೆನು. ನೋವು ಕಣ್ಣು ಕತ್ತಲಿಸುವಂತಿತ್ತು. ಕ್ಷಕಿರಣದ ಚಿತ್ರದಲ್ಲಿ ಕೀಲು ಜಾರಿರಲಿಲ್ಲವೆಂಬುದು ನನ್ನ ಪುಣ್ಯ. ಮನೆಗೆ ಮರಳಿದ ಮೇಲೆ ಸೊಸೆಯು ಕಣ್ಣೀರಿಡುತ್ತ, "ಮಾವನವರೆ, ನನ್ನ ಕೈ ನಿಮಗೆ ಅಷ್ಟು ಪರಕೀಯವಾಯಿತೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನವರೆಗೆ ನಾನು ಆಯ್ದಕ್ಕಿ ಮಾರಯ್ಯನವರ ಕಥೆಯ ಮರೆಯಲ್ಲಿ ನಿಂತಿದ್ದೆನು. ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಿರುಗಿಸಲು ಹೇಳಿದರಷ್ಟೆ. ಹಾಗೆಯೇ ನಾನೂ ಪರರ ಶ್ರಮವನ್ನು ಸ್ವೀಕರಿಸಲೊಲ್ಲೆನೆಂದು ಹೆಮ್ಮೆಪಡುತ್ತಿದ್ದೆನು. ಆದರೆ ಆ ತಾಯಿ ನಿರಾಕರಿಸಿದುದು ಅಗತ್ಯಕ್ಕೆ ಮೀರಿದುದನ್ನು. ಆ ಸಂಜೆ ನನಗೆ ಬೇಕಾಗಿದ್ದುದು ಒಂದು ಕೈ, ಚಾಚಿದುದೂ ಒಂದೇ ಕೈ. ಅದರಲ್ಲಿ ಮಿಗಿಲಾದುದೇನಿತ್ತು? ನಾನು ಕಾಯ್ದುಕೊಂಡುದು ಕಾಯಕವನ್ನಲ್ಲ, ಯಜಮಾನಿಕೆಯನ್ನು. ಇನ್ನೊಬ್ಬರಿಗೆ ನೀಡುವದರಲ್ಲಿ ಹಿಗ್ಗುವ ಮನಸ್ಸು ಪಡೆಯುವಾಗ ಕುಗ್ಗಿದರೆ, ಆ ನೀಡಿಕೆಯಲ್ಲಿಯೂ ಅಹಂಕಾರದ ಪಾಲಿತ್ತೆಂದೇ ಅರ್ಥವಲ್ಲವೆ? ನನ್ನ ಹೆಗಲೊಳಗೇ ಒಂದು ಸ್ನಾಯುವಿನ ಹೊರೆಯನ್ನು ಇನ್ನೊಂದು ಹೊತ್ತಿರುವಾಗ, ಮನೆಯಲ್ಲಿ ಅದೇ ನಡೆದರೆ ನಾನು ನಾಚಿದೆನು!

ಹಾಗೆಂದು ಪರಾವಲಂಬನವನ್ನೇ ಸುಖವೆಂದುಕೊಂಡು ಕೂಡ್ರುವದೂ ಸಲ್ಲದು. ಪಟ್ಟಿ ತೆಗೆದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುವ ಸಾಧನೆ ಮೊದಲಾಯಿತು. ನೋವಿಗಂಜಿ ಅದನ್ನು ಬಿಟ್ಟ ಹೆಗಲು ಬಿಗಿದುಕೊಳ್ಳುವದು. ಅದನ್ನು ನನಗಾಗಿ ಬೇರೊಬ್ಬರು ಮಾಡಲಾರರು. ಮೊದಲ ಆರು ವಾರ ಸುಮ್ಮನಿರುವದೇ ಕೆಲಸವಾಗಿತ್ತು. ಮುಂದಿನ ತಿಂಗಳುಗಳಲ್ಲಿ ಸುಮ್ಮನಿರದಿರುವದು. ಇವೆರಡರಲ್ಲಿ ನನಗೆ ಕಠಿನವಾದುದು ಮೊದಲನೆಯದೇ. ಬಲ ಪೂರ್ಣವಾಗಿ ಬರಲು ವರುಷವೇ ಹಿಡಿಯಿತು.

ಆ ವಾರಗಳಲ್ಲಿ ಇಷ್ಟಲಿಂಗವು ಎಂದಿನಂತೆ ಎಡಗೈಯಲ್ಲಿಯೇ ಇರುತ್ತಿತ್ತು. ಆದರೆ ವಿಭೂತಿಯನ್ನು ಧರಿಸಲು ಬಲಗೈ ಹಣೆಯವರೆಗೆ ಏರುತ್ತಿರಲಿಲ್ಲ. ಮೊದಮೊದಲು ಅದನ್ನೂ ಹೇಗೋ ನಾನೇ ಮಾಡಿಕೊಳ್ಳಲು ಹೆಣಗುತ್ತಿದ್ದೆನು. ಕುರ್ಚಿಯ ಪ್ರಸಂಗವಾದ ಮರುದಿನ ಏಳು ವರುಷದ ಮೊಮ್ಮಗನನ್ನು ಕರೆದೆನು. ಅವನು ನಾಲಗೆ ಕಚ್ಚಿಕೊಂಡು ಬಹು ಶ್ರದ್ಧೆಯಿಂದ ಮೂರು ಪಟ್ಟಿಗಳನ್ನೆಳೆದನು. ಮೂರೂ ಸೊಟ್ಟಗಿದ್ದವು. ನಾನು ಒರಸಿಕೊಳ್ಳಲಿಲ್ಲ.