ಬಣ್ಣ ಹಚ್ಚಿಕೊಂಡ ವಿಮಾನಗಳು

ರಾಮನಗರದ ಬಂಡೆಗಳಿಗೆ ಪಾತ್ರ ಬದಲಿಸುವುದು ಹೊಸದಲ್ಲ. 1975ರ ‘ಶೋಲೆ’ಯಲ್ಲಿ ರಾಮದೇವರ ಬೆಟ್ಟ ಉತ್ತರದ ಡಕಾಯಿತರ ಸೀಮೆಯಾಯಿತು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ ಮಾಗಡಿಯ ಸಾವನದುರ್ಗದ ಜೊತೆ ಸೇರಿ ಬಿಹಾರದ ಗುಹೆಬೆಟ್ಟವಾಯಿತು. ಮಹಾಯುದ್ಧದ ಹಳೇ ವಿಮಾನಗಳ ಪಾಡೂ ಇದೇ. ಸ್ವಂತ ಹೆಸರಿನಲ್ಲಿ ಅವು ತೆರೆಗೆ ಬಂದದ್ದು ಕಡಿಮೆ.

*

1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದಲ್ಲಿ ಜರ್ಮನಿಯ ಮೆಸರ್‌ಸ್ಮಿಟ್‌ಗಳಾಗಿ ಹಾರಿದವು ಸ್ಪೇನಿನಲ್ಲಿ ಕಟ್ಟಿದ ಬುಚೋನ್‌ಗಳು. ಅವುಗಳ ಮೂತಿಯೊಳಗೆ ಇದ್ದದ್ದು ಬ್ರಿಟನ್ನಿನ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್. ಎದುರಿಗೆ ನುಗ್ಗಿ ಬರುತ್ತಿದ್ದ ಸ್ಪಿಟ್‌ಫೈರ್‌ನ ಹೊಟ್ಟೆಯಲ್ಲೂ ಅದೇ ಮನೆತನದ ಎಂಜಿನ್. ‘ಜರ್ಮನ್’ ಬಾಂಬರುಗಳೂ ಸ್ಪೇನಿನವೇ, ಅವಕ್ಕೂ ಮರ್ಲಿನ್ನೇ. ಕಣ್ಣು ಮುಚ್ಚಿ ಕೇಳಿದರೆ ಆ ಯುದ್ಧದಲ್ಲಿ ಇದ್ದದ್ದು ಒಂದೇ ಪಕ್ಷ.

*

ಶತ್ರುವನ್ನು ಪ್ರೇಕ್ಷಕ ಬಣ್ಣ ನೋಡಿ ಗುರುತಿಸುತ್ತಾನೆ, ನಿರ್ಮಾಪಕ ಬಾಡಿಗೆ ಬಿಲ್ಲು ನೋಡಿ.

*

‘ತೋರಾ! ತೋರಾ! ತೋರಾ!’ (1970) ತೆಗೆಯುವಾಗ ಅಮೆರಿಕದ ತರಬೇತಿ ವಿಮಾನಗಳನ್ನೇ ಕೊಯ್ದು, ಬೆಸೆದು ಜಪಾನಿನ ಜೀರೋಗಳನ್ನೂ ಕೇಟ್‌ಗಳನ್ನೂ ಮಾಡಿಕೊಂಡರು. ಶೂಟಿಂಗ್ ಮುಗಿದ ಎಷ್ಟೋ ದಶಕದ ಮೇಲೂ ಅವುಗಳಲ್ಲಿ ಕೆಲವು ಅಮೆರಿಕದ ಏರ್‌ಷೋಗಳಲ್ಲಿ ಅದೇ ಕೆಂಪು ಸೂರ್ಯ ಹೊತ್ತು ಅಮೆರಿಕದ ಮೇಲೆಯೇ ದಾಳಿ ಆಡುತ್ತಿದ್ದವು. ಖಳನ ಪಾತ್ರ ಒಮ್ಮೆ ಮೈಗೆ ಅಂಟಿದರೆ ಬಿಡುವುದಿಲ್ಲ. ವಜ್ರಮುನಿಯವರನ್ನು ಕೇಳಿದ್ದರೆ ಹೇಳುತ್ತಿದ್ದರು.

*

‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆಂದು ಸಾವನದುರ್ಗದ ಕಡೆಯ ಬಂಡೆಗೆ ಸಿಡಿಮದ್ದಿಟ್ಟು ಗುಹೆಯ ಬಾಯಿ ತೆರೆಸಿದ ಡೇವಿಡ್ ಲೀನ್, ಅದಕ್ಕೂ 32 ವರ್ಷ ಮೊದಲು ‘ದ ಸೌಂಡ್ ಬ್ಯಾರಿಯರ್’ (1952) ತೆಗೆದಿದ್ದರು. ಮೇಲಿಂದ ಧುಮುಕುತ್ತಾ ಗಡಗಡ ನಡುಗುವ ಸ್ಪಿಟ್‌ಫೈರ್‌ನಿಂದಲೇ ಆ ಚಿತ್ರ ಶುರು. ಆ ವಿಮಾನಕ್ಕೆ ವೇಷ ಬೇಕಿರಲಿಲ್ಲ. ಯುದ್ಧ ಮುಗಿದು ಏಳೇ ವರ್ಷ, ಅದಿನ್ನೂ ಹಳೇದೇ ಆಗಿರಲಿಲ್ಲ. ತನ್ನ ಪಾತ್ರವನ್ನು ತಾನೇ ಮಾಡುವ ಕಾಲ ವಿಮಾನಕ್ಕೆ ಬಹಳ ಚಿಕ್ಕದು. ಆಮೇಲೆ ಗುಜರಿ. ಗುಜರಿಯಿಂದ ತಪ್ಪಿಸಿಕೊಂಡದ್ದಕ್ಕೆ ಸಿನಿಮಾ.

*

ಯಾವ ವಿಮಾನ ಬೀಳಲಿ, ಸಿನಿಮಾದವರು ಜರ್ಮನಿಯ ಸ್ಟೂಕಾ ಬಾಂಬರಿನ ಕೂಗನ್ನೇ ಹಾಕುತ್ತಾರೆ. ಅದು ಬೀಳುವ ಸದ್ದಲ್ಲ. ನೆಲದ ಮೇಲಿದ್ದವರ ಎದೆ ನಡುಗಿಸಲೆಂದು ಜರ್ಮನ್ನರು ಅದರ ಚಕ್ರದ ಕಾಲಿಗೆ ಕಟ್ಟಿದ್ದ ಸೈರನ್. ಕಟ್ಟಿದವರು ಸೋತರು, ಸೈರನ್ ಇನ್ನೂ ಗೆಲ್ಲುತ್ತಿದೆ.

*

ತೆರೆಯ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡಾಗ ರಾಮನಗರದವರು, ಕನಕಪುರದವರು ಹೀರೋನನ್ನಲ್ಲ, ಬಟ್ಟೆಯನ್ನು ನೋಡಬೇಕು. ಜಪಾನಿನ ರೇಷ್ಮೆ ನಿಂತ ಮೇಲೆ ಪ್ಯಾರಾಚೂಟಿಗೆ ಮೈಸೂರು ಸಂಸ್ಥಾನದ ನೂಲು ಬೇಕಾಯಿತು. ಗೂಡು ಬೆಳೆಯುವ ಸೀಮೆಗೆ ಮಹಾಯುದ್ಧ ಬಂದದ್ದು ರೇಟಿನ ರೂಪದಲ್ಲಿ, ಹೋದದ್ದು ರೇಟು ಬಿದ್ದಾಗ. ಕುದಿನೀರಿನಲ್ಲಿ ಗೂಡು ಬೇಯಿಸಿ, ಎಳೆ ಹುಡುಕಿ, ರಾಟೆಗೆ ಕೊಡುತ್ತಿದ್ದವಳ ಬೆರಳ ತುದಿ ಬೆಳ್ಳಗೆ ಬೆಂದದ್ದನ್ನು ನಾನು ಯಾವ ಯುದ್ಧಚಿತ್ರದಲ್ಲೂ ಕಂಡಿಲ್ಲ.

*

ರಾಮದೇವರ ಬೆಟ್ಟದಲ್ಲಿ ಈಗ ರಣಹದ್ದು ಧಾಮವಿದೆ. ಆ ಆಕಾಶ ಇನ್ನು ಯಾವ ನಿರ್ದೇಶಕನಿಗೂ ಬಾಡಿಗೆಗೆ ಸಿಗಬಾರದು.

*

2016ರ ನವೆಂಬರ್ 7. ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿ ಜಲಾಶಯ. ‘ಮಾಸ್ತಿಗುಡಿ’ಯ ಕ್ಲೈಮ್ಯಾಕ್ಸ್‌ಗೆಂದು ಹೆಲಿಕಾಪ್ಟರ್‌ನಿಂದ ಮೂವರು ನೀರಿಗೆ ಹಾರಿದರು. ನಾಯಕ ದಡ ಸೇರಿದರು. ವಿಲನ್‌ಗಳಾಗಿದ್ದ ಅನಿಲ್ ಮತ್ತು ಉದಯ್ ಸೇರಲಿಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ಅದು ಹಳೇ ವಿಮಾನವಲ್ಲ, ಯುದ್ಧದ ಕಥೆಯೂ ಅಲ್ಲ. ಆದರೆ ಲೆಕ್ಕ ಹಳೆಯದೇ. 1965ರಲ್ಲಿ ‘ದ ಫ್ಲೈಟ್ ಆಫ್ ದ ಫೀನಿಕ್ಸ್’ಗಾಗಿ ಹಾರುತ್ತಿದ್ದ ಹೆಸರಾಂತ ಸ್ಟಂಟ್ ಪೈಲಟ್ ಪಾಲ್ ಮಾಂಟ್ಸ್ ಸತ್ತರು. 1969ರಲ್ಲಿ ‘ಕ್ಯಾಚ್-22’ರ ಚಿತ್ರೀಕರಣದ ನಡುವೆ ಕ್ಯಾಮೆರಾಮನ್ ಜಾನ್ ಜೋರ್ಡನ್ ವಿಮಾನದಿಂದ ಬಿದ್ದು ಸತ್ತರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿರಲಿಲ್ಲ. ಅದಕ್ಕೆ ಮುಂಚೆಯೇ ಜೇಮ್ಸ್ ಬಾಂಡ್ ಚಿತ್ರವೊಂದರ ಹೆಲಿಕಾಪ್ಟರ್ ಶೂಟಿಂಗಿನಲ್ಲಿ ಕಾಲು ಕಳೆದುಕೊಂಡಿದ್ದ ಮನುಷ್ಯ.

ನಿಜವಾದ ಯುದ್ಧದಲ್ಲಿ ಕಡಲ ಮೇಲೆ ಹಾರುವ ಪೈಲಟ್ ಜಾಕೆಟ್ ತೊಟ್ಟೇ ಹೊರಡುತ್ತಿದ್ದ, ಅದನ್ನು ಯಾರೂ ಪುಕ್ಕಲುತನ ಅನ್ನಲಿಲ್ಲ. ಫ್ರೇಮಿನಲ್ಲಿ ಜಾಕೆಟ್ ಕಂಡರೆ ವಿಲನ್‌ನ ಖದರು ಇಳಿದೀತು ಎಂಬ ಭಯ ಸಿನಿಮಾದವರಿಗೆ ಮಾತ್ರ.

*

ಕಂಪ್ಯೂಟರಿನಲ್ಲಿ ಬಿಡಿಸಿದ ವಿಮಾನಕ್ಕೆ ತೂಕವಿಲ್ಲ ಎಂದು ಗೊಣಗುವವರಿದ್ದಾರೆ. ನಿಜ, ಇಲ್ಲ. ಅದರಿಂದ ಯಾರೂ ಬೀಳುವುದೂ ಇಲ್ಲ. ನಾನು ಅದರ ಪರ.

*

ಹಾಗೆಂದ ಮೇಲೂ, 2017ರ ‘ಡಂಕರ್ಕ್’ ನೋಡುವಾಗ ಕುರ್ಚಿಯ ತುದಿಗೆ ಬಂದು ಕೂತೆ. ಅಸಲಿ ಸ್ಪಿಟ್‌ಫೈರ್‌ಗಳ ಜೊತೆ ಅಲ್ಲಿ ಸ್ಪಿಟ್‌ಫೈರ್ ವೇಷದ ರಷ್ಯಾದ ಯಾಕ್ ಕೂಡ ಹಾರಿದೆ. ಗೊತ್ತಿದ್ದೂ ಗುರುತು ಹಿಡಿಯಲಾಗಲಿಲ್ಲ. ಒಳಗೆ ಕೂತವನ ಕತ್ತು ನಿಜವಾಗಿ ಅತ್ತಿತ್ತ ವಾಲಿದರೆ ಸಾಕು, ಉಳಿದದ್ದನ್ನು ನಾವೇ ನಂಬಿಕೊಳ್ಳುತ್ತೇವೆ.

*

ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುತ್ತದೆ. ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಅದರಲ್ಲೇ ಕೆಂಪು, ಹಳದಿ ಗೊಂಬೆ ವಿಮಾನವೂ ಆಗುತ್ತದೆ. ಆ ಬಣ್ಣದಲ್ಲಿ ಯಾರ ಮೇಲೂ ಬಾಂಬ್ ಹಾಕಲಾಗದು, ಎರಡು ಮೈಲಿ ದೂರದಿಂದಲೇ ಕಂಡುಬಿಡುತ್ತದೆ.

*

ನಮ್ಮದೇ ಕಥೆ ಇಲ್ಲವೆಂದಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ, ಯುದ್ಧದ ನಡುವೆಯೇ. ರಿಪೇರಿಗೆ ಬಂದ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಆ ದೃಶ್ಯವನ್ನು ಕೆರೆಯಲ್ಲಿ ನೊರೆ ಉಕ್ಕುತ್ತಿದ್ದ ವರ್ಷಗಳಲ್ಲಿ ತೆಗೆದಿದ್ದರೆ ನೊರೆಗೆಂದು ಬೇರೆ ಖರ್ಚಾಗುತ್ತಿರಲಿಲ್ಲ.

ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬ್ರಿಟಿಷರು ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋದರು. ಎಚ್‌ಎಎಲ್‌ನವರು ಅವನ್ನು ಹೇಗೋ ಒಮ್ಮೆ ಹಾರುವಷ್ಟು ಸರಿಮಾಡಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. ಗುಜರಿಗೆಂದು ಬಿಟ್ಟವು ಭಾರತೀಯ ವಾಯುಪಡೆಯಲ್ಲಿ 1968ರ ತನಕ ದುಡಿದವು. ಹಾಗೆ ದುಡಿದವುಗಳಲ್ಲಿ ಒಂದು ಇವತ್ತು ಲಂಡನ್ನಿನ ಹೆಂಡನ್ ಮ್ಯೂಸಿಯಮ್ಮಿನಲ್ಲಿದೆ, ಇನ್ನೊಂದು ಅಮೆರಿಕದ ಅರಿಜೋನಾದಲ್ಲಿ.

ಇದನ್ನು ಸಿನಿಮಾ ಮಾಡಬಹುದು. ಬಿಡದಿಯ ಕಡೆ ಪ್ಲೈವುಡ್ಡಿನ ಲಿಬರೇಟರ್ ನಿಲ್ಲಿಸಿದರೂ ಸಾಕು, ಅರ್ಧ ಕಥೆ ವಿಮಾನ ನಿಂತಲ್ಲೇ ನಡೆಯುತ್ತದೆ. ತೊಡಕಿರುವುದು ಬೇರೆ ಕಡೆ. ದುಡ್ಡು ಹಾಕುವವರು ಮೊದಲು ಕೇಳುವುದು ಹೀರೋ ಯಾರು ಅಂತ. ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಅಂದರೆ, ಕಾಫಿ ಮುಗಿಸಿ ಎದ್ದು ಹೋಗುತ್ತಾರೆ.