ಕಸದ ಬುಟ್ಟಿಗೆ ಸೇರದ ಸುದ್ದಿ

ಬೆಳಿಗ್ಗೆ ಇ-ಮೇಲ್ ತೆರೆದರೆ ನಮಗೆ ಕೋಟಿ ರೂಪಾಯಿಯ ಲಾಟರಿ ಹೊಡೆದಿದೆಯಂತೆ. ಟಿಕೆಟನ್ನೇ ಕೊಂಡವರಲ್ಲ ನಾವು! (ಲಾಟರಿ ನಮಗೆ ನಿಷಿದ್ಧವೆಂಬುದು ಬೇರೆ ಮಾತು.) ಕಳುಹಿಸಿದವನ ಗುರುತಿಲ್ಲ, ಅಳಿಸಿಬಿಡುತ್ತೇವೆ. 1978ರಲ್ಲಿ ಅಮೆರಿಕದ ಕಂಪ್ಯೂಟರ್ ಮಾರಾಟಗಾರನೊಬ್ಬ ಸುಮಾರು 400 ಮಂದಿಗೆ ಕಳುಹಿಸಿದ ಜಾಹೀರಾತಿನಿಂದ ಶುರುವಾದ ಪೀಡೆಯಿದು. ನಾವೀಗ ಪಳಗಿದ್ದೇವೆ.

ಆದರೆ ಪತ್ರಿಕೆ, ಟಿ.ವಿ.ಗಳ ಮುಂದೆ ಈ ಎಚ್ಚರ ಎಲ್ಲಿ ಹೋಗುತ್ತದೆ? 2007ರ ಜುಲೈಯಲ್ಲಿ ಬೆಂಗಳೂರಿನ ವೈದ್ಯ ಮುಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಬಂಧಿತರಾದರು. ಗ್ಲಾಸ್ಗೋ ವಿಮಾನ ನಿಲ್ದಾಣದಲ್ಲಿ ಉರಿದ ಜೀಪಿನಲ್ಲಿ ಅವರ ಸಿಮ್ ಕಾರ್ಡ್ ಇತ್ತೆಂದು ನ್ಯಾಯಾಲಯದಲ್ಲೇ ಹೇಳಲಾಯಿತು. ಅದು ನಿಜಕ್ಕೂ ಸಿಕ್ಕಿದ್ದು ದೂರದ ಲಿವರ್‌ಪೂಲ್‌ನಲ್ಲಿ, ಅವರ ಸಂಬಂಧಿಯ ಬಳಿ. ಇದನ್ನು ಬಯಲಿಗೆಳೆದವರೂ ಪತ್ರಕರ್ತರೇ ಎಂಬುದನ್ನು ಮರೆಯಬಾರದು. ಅದೇ ತಿಂಗಳು ಆರೋಪ ಬಿದ್ದುಹೋಯಿತು. ಸರಕಾರದ ಕ್ಷಮೆಯಾಚನೆ ಬಂದದ್ದು 2010ರಲ್ಲಿ.

ಮಾಧ್ಯಮಗಳನ್ನು ದೂರುವುದು ಸುಲಭ. ಆದರೆ 'ಬೆಂಕಿಯಿಲ್ಲದೆ ಹೊಗೆಯೇಳುತ್ತದೆಯೇ' ಎಂದು ನಮ್ಮ ನಮ್ಮ ಜಗಲಿಗಳಲ್ಲೇ ಪಿಸುಗುಟ್ಟಿದವರು ಯಾರು? ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಅಲ್ ಹುಜುರಾತ್ ಅಧ್ಯಾಯದ ಆಜ್ಞೆ ಇರುವುದು ಸುದ್ದಿ ತಂದವನಿಗಲ್ಲ, ಕೇಳಿದವನಿಗೆ. ಬಂಧನದ ಸುದ್ದಿಯನ್ನು ನಾವು ಅಂದೇ ನಾಲ್ಕಾರು ಮಂದಿಗೆ ಫೋನ್ ಮಾಡಿ ತಿಳಿಸಿದ್ದೆವು. ಕ್ಷಮೆಯ ಸುದ್ದಿ ಬಂದ ದಿನ ಯಾರಿಗೂ ಫೋನ್ ಮಾಡಿದ ನೆನಪಿಲ್ಲ.